ಬಾಟಲಿ ಬೀಳಿಸಿ, ಮೊಟ್ಟೆ ಇಳಿಸಿ: ತರಗತಿಯಲ್ಲೇ ಬಾಹ್ಯಾಕಾಶ ಯಾನ ಕಲಿಸುವ ಸಮಗ್ರ ಮಾರ್ಗದರ್ಶಿ

ಮುಂದಿನ ಸಲ ತರಗತಿಗೆ ಹೋದಾಗ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ ನೋಡಿ. "ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ಯಾಕೆ ತೇಲುತ್ತಾರೆ?" ಕೈಗಳು ಪಟಪಟ ಮೇಲೇಳುತ್ತವೆ. ಹೆಚ್ಚಿನವರ ಉತ್ತರ ಒಂದೇ: "ಅಲ್ಲಿ ಗುರುತ್ವಾಕರ್ಷಣೆ ಇಲ್ಲ."

ಇದು ತಪ್ಪು. ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ. ಇಲ್ಲಿ ನೆಲದ ಮೇಲೆ ಭೂಮಿ ನಮ್ಮನ್ನು ಎಷ್ಟು ಎಳೆಯುತ್ತದೋ ಅದರ ಸುಮಾರು ಶೇ 90ರಷ್ಟು ಸೆಳೆತ ಅಲ್ಲೂ ಇದೆ. ನಾನೇ ಪಾಠ ಮಾಡಲು ಶುರುಮಾಡಿದ ಮೊದಲ ವರ್ಷಗಳಲ್ಲಿ ಈ ತಪ್ಪನ್ನು ಧೈರ್ಯವಾಗಿ ಕಲಿಸಿದ್ದೇನೆ. ಆಗ ನಾವು ಮಾಡುತ್ತಿದ್ದ "ಚಟುವಟಿಕೆ" ಅಂದರೆ ಥರ್ಮಾಕೋಲ್ ಚೆಂಡಿಗೆ ಬಣ್ಣ ಬಳಿಯುವುದು, ರಟ್ಟಿನ ರಾಕೆಟ್ಟಿಗೆ ಬೆಳ್ಳಿ ಹಾಳೆ ಅಂಟಿಸುವುದು. ನೋಡಲು ಚೆಂದ. ಆದರೆ ಮಕ್ಕಳ ತಲೆಯಲ್ಲಿರುವ ಒಂದು ತಪ್ಪು ಕಲ್ಪನೆಯೂ ಅದರಿಂದ ಅಲ್ಲಾಡುವುದಿಲ್ಲ.

ಹಾಗಾಗಿ ಈಗ ನಾನು ಚಟುವಟಿಕೆ ಆರಿಸುವ ರೀತಿಯೇ ಬೇರೆ. ಮೊದಲು ತಪ್ಪು ಕಲ್ಪನೆ ಯಾವುದು ಅಂತ ಹುಡುಕುತ್ತೇನೆ. ಆಮೇಲೆ ಅದನ್ನು ಮಕ್ಕಳ ಕಣ್ಣೆದುರೇ ಒಡೆಯುವ ಚಟುವಟಿಕೆ ಹುಡುಕುತ್ತೇನೆ. ಕೆಳಗಿರುವುದೆಲ್ಲ ಹಾಗೆ ಉಳಿದುಕೊಂಡವು. ಒಂದು ನಿಜವಾದ ಯಾನದ ದಾರಿಯಲ್ಲೇ ಇವನ್ನು ಜೋಡಿಸಿದ್ದೇನೆ: ದೂರ ಅಳೆಯುವುದು, ಮೇಲೇರುವುದು, ಸುತ್ತುವುದು, ಅಲ್ಲಿ ಬದುಕುವುದು, ಇಳಿಯುವುದು, ಇಳಿದ ಮೇಲೆ ಓಡಾಡುವುದು.

ಶುರು ಮಾಡುವ ಮುನ್ನ

4ರಿಂದ 8ನೇ ತರಗತಿಯ ಮಕ್ಕಳಿಗೆ ಇದು ಹೊಂದುತ್ತದೆ. ಎಲ್ಲ ಮಾಡಲು 40 ನಿಮಿಷದ ಒಂಬತ್ತು ಹತ್ತು ಅವಧಿ ಬೇಕು. ಅಷ್ಟು ಸಮಯ ಇಲ್ಲವೇ? ಬೀಳುವ ಬಾಟಲಿ, ಮೊಟ್ಟೆ, ರೋವರ್, ಈ ಮೂರನ್ನು ಮಾತ್ರ ಮಾಡಿ.

ನಾಲ್ಕು ಮಕ್ಕಳ ಗುಂಪು ಸರಿಯಾದ ಗಾತ್ರ. ಐದಾದರೆ ಒಬ್ಬರು ಸುಮ್ನೆ ನೋಡುತ್ತಾ ಕೂರುತ್ತಾರೆ. ಪ್ರತಿ ಗುಂಪಿಗೂ ಒಂದು ನೋಟ್‌ಪುಸ್ತಕ ಕೊಡಿ, "ಮಿಷನ್ ಪುಸ್ತಕ" ಅಂತ ಹೆಸರಿಡಿ. ಅದಕ್ಕೆ ಎರಡೇ ನಿಯಮ.

ಒಂದು, ಪ್ರಯೋಗ ಮಾಡುವ ಮೊದಲೇ ಏನಾಗುತ್ತದೆ ಅಂತ ಊಹೆ ಬರೆಯಬೇಕು, ಪೆನ್ನಿನಲ್ಲಿ. ಪೆನ್ಸಿಲ್ ಕೊಟ್ಟರೆ ಆಮೇಲೆ ಅಳಿಸಿ "ನಾವು ಮೊದಲೇ ಹೇಳಿದ್ವಿ" ಅನ್ನುತ್ತಾರೆ. ಊಹೆ ಬರೆಯದೆ ನೋಡಿದ ಪ್ರಯೋಗ ಜಾದೂ ನೋಡಿದ ಹಾಗೆ, ಚಪ್ಪಾಳೆ ತಟ್ಟಿ ಮರೆತುಬಿಡುತ್ತಾರೆ.

ಎರಡು, ಅಳತೆಯ ಮುಂದೆ ಸೆಂ.ಮೀ., ಗ್ರಾಂ, ಸೆಕೆಂಡು ಇಲ್ಲದೆ ಬರೀ ಸಂಖ್ಯೆ ಬರೆಯುವಂತಿಲ್ಲ. "ಯಾಕೆ?" ಅಂತ ಯಾರಾದರೂ ಕೇಳಿದರೆ ಒಂದು ಕಥೆ ಹೇಳಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳದ ಹತ್ತಿರ ಹೋಗಿ ನಾಶವಾಯಿತು. ಒಂದು ತಂಡ ಪೌಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತ್ತು, ಇನ್ನೊಂದು ತಂಡದ ಸಾಫ್ಟ್‌ವೇರ್ ಅದನ್ನು ನ್ಯೂಟನ್ ಲೆಕ್ಕ ಅಂದುಕೊಂಡಿತ್ತು. ಈ ಕಥೆ ಕೇಳಿದ ಮೇಲೆ ಸೆಂ.ಮೀ. ಬರೆಯಲು ಯಾರೂ ಮರೆಯುವುದಿಲ್ಲ. ಸರಿ, ಒಂದು ವಾರದ ಮಟ್ಟಿಗಾದರೂ ಮರೆಯುವುದಿಲ್ಲ.

ಇನ್ನೊಂದು ಮಾತು ನಿಮಗೆ. ತರಗತಿಯಲ್ಲಿ ಮಾಡುವ ಪ್ರತಿ ಮಾದರಿಯೂ ಎಲ್ಲೋ ಒಂದು ಕಡೆ ಸುಳ್ಳು ಹೇಳುತ್ತದೆ. ಅದನ್ನು ಮುಚ್ಚಿಡಬೇಡಿ. ಪ್ರತಿ ಚಟುವಟಿಕೆ ಮುಗಿದ ಮೇಲೆ "ಇದು ಎಲ್ಲಿ ಸುಳ್ಳು ಹೇಳ್ತಿದೆ?" ಅಂತ ಕೇಳಿ. ಮಕ್ಕಳಿಗೆ ಇದು ತುಂಬಾ ಇಷ್ಟದ ಆಟ.

1. ಚಂದ್ರ ಎಷ್ಟು ದೂರ?

ಒಡೆಯಬೇಕಾದ ಕಲ್ಪನೆ: ಚಂದ್ರ ಇಲ್ಲೇ ಪಕ್ಕದಲ್ಲಿದೆ, ಬಾಹ್ಯಾಕಾಶ ನಿಲ್ದಾಣ ಅದರ ಹತ್ತಿರ ಎಲ್ಲೋ ಇದೆ.

ಒಂದು ಬಾಸ್ಕೆಟ್‌ಬಾಲ್ ಮತ್ತು ಒಂದು ಟೆನಿಸ್ ಚೆಂಡು ತನ್ನಿ. ಭೂಮಿಯ ವ್ಯಾಸ 12,742 ಕಿ.ಮೀ., ಚಂದ್ರನದು 3,474 ಕಿ.ಮೀ. ಈ ಎರಡು ಚೆಂಡುಗಳ ಅನುಪಾತವೂ ಹೆಚ್ಚುಕಡಿಮೆ ಅಷ್ಟೇ. ಬಾಸ್ಕೆಟ್‌ಬಾಲನ್ನು ಮೇಜಿನ ಮೇಲಿಟ್ಟು, ಟೆನಿಸ್ ಚೆಂಡನ್ನು ಒಂದು ಮಗುವಿಗೆ ಕೊಟ್ಟು "ಚಂದ್ರ ಇರುವ ಜಾಗಕ್ಕೆ ಹೋಗಿ ನಿಲ್ಲು" ಅನ್ನಿ. ಸಾಮಾನ್ಯವಾಗಿ ಒಂದು ಮೀಟರ್ ಒಳಗೇ ನಿಂತುಬಿಡುತ್ತಾರೆ. ಪುಸ್ತಕದ ಚಿತ್ರಗಳಲ್ಲಿ ಹಾಗೇ ಇರುತ್ತದಲ್ಲ.

ಈಗ ಬಾಸ್ಕೆಟ್‌ಬಾಲಿನ ನಡುವಿಗೆ ದಾರವನ್ನು ಒಂಬತ್ತೂವರೆ ಸುತ್ತು ಸುತ್ತಿಸಿ. ದಾರ ಬಿಚ್ಚಿ ಎಳೆದರೆ ಸುಮಾರು 7 ಮೀಟರ್ ಬರುತ್ತದೆ. ಚಂದ್ರ ಅಲ್ಲಿ! 3,84,400 ಕಿ.ಮೀ. ಅಂತ ಬಾಯಿಪಾಠ ಮಾಡಿದ್ದ ಮಗು ಆ ದಾರದ ತುದಿಯಲ್ಲಿ ನಿಂತಾಗ ಮುಖ ನೋಡಬೇಕು.

ಮುಂದಿನ ಪ್ರಶ್ನೆ, ನಿಲ್ದಾಣ ಎಲ್ಲಿ? ಮಕ್ಕಳು ದಾರದ ಅರ್ಧಕ್ಕೋ ಕಾಲಿಗೋ ಬೆರಳು ತೋರಿಸುತ್ತಾರೆ. ಈ ಅಳತೆಯಲ್ಲಿ ಅದು ಬಾಸ್ಕೆಟ್‌ಬಾಲಿನ ಮೈಯಿಂದ ಏಳೆಂಟು ಮಿಲಿಮೀಟರ್ ಮೇಲೆ ಅಷ್ಟೇ. ಕಿರುಬೆರಳನ್ನು ಚೆಂಡಿನ ಮೇಲೆ ಮಲಗಿಸಿದರೆ ಬೆರಳಿನ ದಪ್ಪಕ್ಕಿಂತಲೂ ಕಡಿಮೆ. ಮಂಗಳ? ಭೂಮಿಗೆ ತೀರ ಹತ್ತಿರ ಬಂದಾಗಲೂ ಸುಮಾರು 1 ಕಿ.ಮೀ. ಆಚೆ.

ಇಲ್ಲೇ ಒಂದು ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಅಪೊಲೊ 11 ಹೊರಟ ನಾಲ್ಕನೇ ದಿನ, 1969ರ ಜುಲೈ 20ರಂದು ಚಂದ್ರನ ಮೇಲಿಳಿಯಿತು. ಚಂದ್ರಯಾನ-3 2023ರ ಜುಲೈ 14ಕ್ಕೆ ಹೊರಟು ಆಗಸ್ಟ್ 23ಕ್ಕೆ ಇಳಿಯಿತು, 40 ದಿನ. ದೂರ ಅದೇ, ಹಾಗಿದ್ದರೆ ಯಾಕೆ ಇಷ್ಟು ವ್ಯತ್ಯಾಸ? ಉತ್ತರ ಈಗಲೇ ಹೇಳಬೇಡಿ. ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

2. ಬಲೂನ್ ರಾಕೆಟ್

ಒಡೆಯಬೇಕಾದ ಕಲ್ಪನೆ: ರಾಕೆಟ್ ಕೆಳಗಿನ ನೆಲವನ್ನೋ ಗಾಳಿಯನ್ನೋ ಒದ್ದು ಮೇಲೇರುತ್ತದೆ.

ಈ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಗಾಳಿಯೇ ಇಲ್ಲದ ಕಡೆ ರಾಕೆಟ್ ಹೇಗೆ ಕೆಲಸ ಮಾಡುತ್ತದೆ ಎಂದು 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಾಬರ್ಟ್ ಗೊಡಾರ್ಡ್ ಎಂಬ ವಿಜ್ಞಾನಿಯನ್ನು ಆಡಿಕೊಂಡಿತ್ತು. ತಿದ್ದುಪಡಿ ಪ್ರಕಟವಾಗಿದ್ದು 1969ರ ಜುಲೈ 17ರಂದು. ಆಗ ಅಪೊಲೊ 11 ಚಂದ್ರನ ದಾರಿಯಲ್ಲಿತ್ತು!

ಬೇಕಾದ ಸಾಮಾನು: ಉದ್ದನೆಯ ಬಲೂನುಗಳು, ನುಣುಪಾದ ದಾರ ಸುಮಾರು 8 ಮೀಟರ್, ಸ್ಟ್ರಾ, ಸೆಲ್ಲೋಟೇಪ್, ಬಟ್ಟೆ ಕ್ಲಿಪ್, ಅಳತೆ ಟೇಪ್.

1. ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಇನ್ನೊಂದು ತುದಿಯಿಂದ ಸ್ಟ್ರಾ ಪೋಣಿಸಿ, ಆ ತುದಿಯನ್ನು ಕುರ್ಚಿಗೆ ಬಿಗಿಯಾಗಿ ಕಟ್ಟಿ.
2. ಬಲೂನ್ ಊದಿ, ಬಾಯಿಗೆ ಗಂಟು ಹಾಕದೆ ಕ್ಲಿಪ್ ಹಾಕಿ.
3. ಬಲೂನನ್ನು ಸ್ಟ್ರಾಗೆ ಎರಡು ಕಡೆ ಟೇಪ್‌ನಿಂದ ಅಂಟಿಸಿ. ಬಲೂನಿನ ಬಾಯಿ ಕುರ್ಚಿಯ ಕಡೆ ಇರಲಿ.
4. ಊಹೆ ಬರೆಸಿ: ಎಷ್ಟು ದೂರ ಹೋಗುತ್ತದೆ?
5. ಕ್ಲಿಪ್ ತೆಗೆಯಿರಿ. ದೂರ ಅಳೆಯಿರಿ. ಒಂದೇ ಸಲ ಮಾಡಿ ಬಿಡಬೇಡಿ. ಮೂರು ಸಲ ಮಾಡಿ, ನಡುವಿನ ಸಂಖ್ಯೆ ತೆಗೆದುಕೊಳ್ಳಿ.

ಬಲೂನ್ ಅರ್ಧದಲ್ಲೇ ನಿಂತರೆ ದಾರ ಸಡಿಲವಾಗಿದೆ ಅಂತ ಅರ್ಥ, ಇಲ್ಲವೇ ದಾರ ಒರಟಾಗಿದೆ. ಗಿರಗಿರ ತಿರುಗುತ್ತಿದ್ದರೆ ಬಲೂನಿನ ಬಾಯಿ ಸೊಟ್ಟಗಿದೆ. ಇದನ್ನೆಲ್ಲ ನೀವೇ ಸರಿಮಾಡಲು ಓಡಬೇಡಿ. ಎರಡು ನಿಮಿಷ ಬಿಟ್ಟರೆ ಮಕ್ಕಳೇ ಕಂಡುಹಿಡಿಯುತ್ತಾರೆ.

ಗುಂಪುಗಳು ಆಮೇಲೆ ಒಂದೊಂದೇ ವಿಷಯ ಬದಲಿಸಲಿ. ಗಾಳಿ ಎಷ್ಟು, ಬಲೂನಿಗೆ ಅಂಟಿಸಿದ ನಾಣ್ಯಗಳ ಭಾರ ಎಷ್ಟು, ದಾರ ಎಷ್ಟು ಓರೆ. ಒಂದೇ ಸಲ ಎರಡನ್ನು ಬದಲಿಸಿದ ಗುಂಪಿಗೆ "ದೂರ ಕಡಿಮೆ ಆಗಿದ್ದು ಯಾವುದರಿಂದ?" ಅಂತ ಕೇಳಿ ಸುಮ್ಮನಿರಿ.

ಆದರೆ ಬಲೂನ್ ನೋಡಿದ ಮೇಲೂ "ಹೊರಗಿನ ಗಾಳಿಯನ್ನು ಒದ್ದು ಹೋಯಿತು" ಅನ್ನುವವರು ಇದ್ದೇ ಇರುತ್ತಾರೆ. ಅವರ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಸ್ಕೇಟ್‌ಬೋರ್ಡ್ ಬೇಕು. ಹೆಲ್ಮೆಟ್ ಹಾಕಿದ ಒಂದು ಮಗುವನ್ನು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಪುಸ್ತಕ ತುಂಬಿದ ಚೀಲವನ್ನು ಎದೆಯಿಂದ ಮುಂದಕ್ಕೆ ಜೋರಾಗಿ ತಳ್ಳಲು ಹೇಳಿ. ಬೋರ್ಡ್ ಹಿಂದಕ್ಕೆ ಜಾರುತ್ತದೆ. ಮಗು ಒದ್ದಿದ್ದು ಗೋಡೆಯನ್ನಾ? ನೆಲವನ್ನಾ? ಎರಡೂ ಅಲ್ಲ, ಕೈಯಲ್ಲಿದ್ದ ಚೀಲವನ್ನು. ರಾಕೆಟ್ ಮಾಡುವುದೂ ಅದೇ. ತನ್ನ ಹೊಟ್ಟೆಯಲ್ಲಿದ್ದ ಬಿಸಿ ಅನಿಲವನ್ನೇ ಹಿಂದಕ್ಕೆ ಎಸೆಯುತ್ತದೆ.

ಸಮಯ ಇದ್ದರೆ ಎರಡು ಹಂತದ ರಾಕೆಟ್ ಮಾಡಿ. ಕಾಗದದ ಲೋಟದ ತಳ ಕತ್ತರಿಸಿ ಒಂದು ಬಳೆ ಮಾಡಿಕೊಳ್ಳಿ. ಮುಂದಿನ ಬಲೂನನ್ನು ಮುಕ್ಕಾಲು ಊದಿ, ಅದರ ಬಾಯಿಯನ್ನು ಬಳೆಯೊಳಗೆ ತೂರಿಸಿ ಬೆರಳಿನಿಂದ ಬಳೆಗೆ ಒತ್ತಿ ಹಿಡಿಯಿರಿ. ಹಿಂದಿನ ಬಲೂನಿನ ಮುಂಭಾಗವನ್ನು ಅದೇ ಬಳೆಯೊಳಗಿಟ್ಟು ಊದಿ. ಅದು ಉಬ್ಬಿ ಮೊದಲನೆಯದರ ಬಾಯಿಯನ್ನು ತಾನೇ ಒತ್ತಿ ಮುಚ್ಚುತ್ತದೆ. ಎರಡನ್ನೂ ಬೇರೆ ಬೇರೆ ಸ್ಟ್ರಾಗೆ ಅಂಟಿಸಿ ಹಿಂದಿನದನ್ನು ಬಿಡಿ. ಅದು ಸೊರಗುತ್ತಿದ್ದಂತೆ ಹಿಡಿತ ತಪ್ಪಿ ಮುಂದಿನ ಬಲೂನ್ ಹಾರುತ್ತದೆ. ಇದಕ್ಕೆ ಮೂರು ಜನರ ಆರು ಕೈ ಬೇಕು, ಮೊದಲ ನಾಲ್ಕು ಪ್ರಯತ್ನ ಕೈಕೊಡುತ್ತವೆ. ಮನೆಯಲ್ಲಿ ಒಮ್ಮೆ ಮಾಡಿ ನೋಡಿಕೊಂಡೇ ಬನ್ನಿ.

ಅದು ಹಾರಿದ ಮೇಲೆ ಲೆಕ್ಕ ಹೇಳಿ. ಅಪೊಲೊ ಯಾತ್ರೆಗಳ ಸ್ಯಾಟರ್ನ್ 5 ರಾಕೆಟ್ ಸುಮಾರು 110 ಮೀಟರ್ ಎತ್ತರ, ಹೊರಡುವಾಗ ಸುಮಾರು 2,900 ಟನ್ ಭಾರ. ಮೂವರನ್ನು ಹೊತ್ತು ಸಮುದ್ರಕ್ಕೆ ಬಂದು ಬಿದ್ದ ಭಾಗ ಸುಮಾರು 5 ಟನ್. ಉಳಿದದ್ದೆಲ್ಲ ದಾರಿಯಲ್ಲೇ ಸುಟ್ಟಿತು ಅಥವಾ ಕಳಚಿಬಿತ್ತು. ಬೋರ್ಡಿನ ಮೂಲೆಯ ಪ್ರಶ್ನೆಗೂ ಉತ್ತರ ಇಲ್ಲಿದೆ. ಚಂದ್ರಯಾನ-3 ಹೊತ್ತ ಎಲ್‌ವಿಎಂ3 ರಾಕೆಟ್ ಸುಮಾರು 640 ಟನ್. ಒಂದೇ ಏಟಿಗೆ ಚಂದ್ರನ ಕಡೆ ಎಸೆಯುವ ಬದಲು, ಇಸ್ರೊ ನೌಕೆಯನ್ನು ಭೂಮಿಯ ಸುತ್ತ ತಿರುಗಿಸುತ್ತಾ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿತು. ಇಂಧನ ಉಳಿಯಿತು, ದಿನಗಳು ಖರ್ಚಾದವು.

ಬಲೂನ್ ಎಲ್ಲಿ ಸುಳ್ಳು ಹೇಳುತ್ತದೆ? ಅದರಲ್ಲಿ ಏನೂ ಉರಿಯುವುದಿಲ್ಲ. ನಿಜವಾದ ರಾಕೆಟ್ ಇಂಧನದ ಜೊತೆ ಅದನ್ನು ಉರಿಸಲು ಬೇಕಾದ ಆಕ್ಸಿಜನ್ನನ್ನೂ ಹೊತ್ತೊಯ್ಯುತ್ತದೆ. ಮತ್ತೆ, ಅದಕ್ಕೆ ದಾರಿ ತೋರಿಸಲು ದಾರ ಇರುವುದಿಲ್ಲ.

3. ಬೀಳುವ ಬಾಟಲಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಚಟುವಟಿಕೆ ಮಾಡಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಖರ್ಚಿಲ್ಲ, ತಯಾರಿ ಎರಡು ನಿಮಿಷ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಪಕ್ಕದಲ್ಲಿ ಮೊಳೆಯಿಂದ ಒಂದು ತೂತು ಮಾಡಿ. ಪೆನ್ಸಿಲ್ ಸುಮಾರಾಗಿ ತೂರುವಷ್ಟು ಇರಲಿ. ಬೆರಳಿನಿಂದ ತೂತು ಮುಚ್ಚಿ ನೀರು ತುಂಬಿ. ಮುಚ್ಚಳ ಹಾಕಬೇಡಿ. ಬಯಲಿಗೆ ಬನ್ನಿ.

ಮೊದಲು ಸುಮ್ನೆ ಎತ್ತಿ ಹಿಡಿದು ಬೆರಳು ತೆಗೆಯಿರಿ. ನೀರು ಚಿಮ್ಮುತ್ತದೆ. "ಯಾಕೆ?" ಅಂದರೆ ಯಾರಾದರೂ "ಭೂಮಿ ನೀರನ್ನು ಕೆಳಗೆ ಎಳೀತಿದೆ" ಅನ್ನುತ್ತಾರೆ. ಸರಿ. ಈಗ ಮತ್ತೆ ತುಂಬಿ, ಬೆಂಚಿನ ಮೇಲೆ ನಿಂತು, ನೀರು ಚಿಮ್ಮುತ್ತಿರುವಾಗಲೇ ಬಾಟಲಿಯನ್ನು ಕೈಬಿಟ್ಟರೆ ಏನಾಗುತ್ತದೆ? ಊಹೆ ಬರೆಸಿ. "ಜಾಸ್ತಿ ಚಿಮ್ಮುತ್ತೆ" ಅಂತ ಬರೆಯುವವರೇ ಹೆಚ್ಚು.

ಕೈಬಿಡಿ. ಕೆಳಗೆ ಬಕೆಟ್ ಇಟ್ಟಿರಿ. ಬೀಳುವಷ್ಟು ಹೊತ್ತು ತೂತಿನಿಂದ ನೀರು ಬರುವುದೇ ಇಲ್ಲ!

ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ, ನಂಬಲೂಬಾರದು. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿ ತೋರಿಸಿ. ಆಮೇಲೆ ಇನ್ನೊಂದು ಪ್ರಶ್ನೆ: ಬಾಟಲಿಯನ್ನು ಮೇಲಕ್ಕೆ ಎಸೆದರೆ? ಏರುವಾಗ ಚಿಮ್ಮುತ್ತದಾ? ಇಲ್ಲಿ ತರಗತಿ ಎರಡು ಪಾಲಾಗಿ ಜಗಳ ಶುರುವಾಗುತ್ತದೆ. ಎಸೆದು ನೋಡಿ. ಕೈಯಿಂದ ಬಿಟ್ಟ ಕ್ಷಣದಿಂದಲೇ, ಏರುವಾಗಲೂ ಇಳಿಯುವಾಗಲೂ, ನೀರು ನಿಂತಿರುತ್ತದೆ.

ಈಗ ವಿವರಿಸಿ. ಬಾಟಲಿ ಬೀಳುವಾಗ ಗುರುತ್ವಾಕರ್ಷಣೆ ಎಲ್ಲಿಗೂ ಹೋಗಲಿಲ್ಲ, ಹೋಗಿದ್ದರೆ ಬಾಟಲಿ ಬೀಳುತ್ತಲೇ ಇರಲಿಲ್ಲ ಅಲ್ವಾ? ಬಾಟಲಿಯೂ ನೀರೂ ಒಂದೇ ವೇಗದಲ್ಲಿ ಬೀಳುತ್ತಿವೆ. ಹಾಗಾಗಿ ನೀರು ಬಾಟಲಿಯ ತಳವನ್ನು ಒತ್ತುವುದಿಲ್ಲ, ಒತ್ತಡ ಇಲ್ಲದಿದ್ದರೆ ಚಿಮ್ಮುವುದೂ ಇಲ್ಲ. ಗಗನಯಾತ್ರಿಯೇ ಆ ನೀರು, ನಿಲ್ದಾಣವೇ ಆ ಬಾಟಲಿ. ಇಬ್ಬರೂ ಒಟ್ಟಿಗೆ ಬೀಳುತ್ತಿದ್ದಾರೆ.

ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. "ಹಾಗಾದರೆ ನೆಲಕ್ಕೆ ಯಾಕೆ ಬಡಿಯಲ್ಲ?" ಒಂದು ಚೆಂಡನ್ನು ಅಡ್ಡಕ್ಕೆ ಮೆಲ್ಲಗೆ ಎಸೆಯಿರಿ. ಆಮೇಲೆ ಜೋರಾಗಿ. ಇನ್ನೂ ಜೋರಾಗಿ. ಪ್ರತಿ ಸಲ ದೂರ ಹೋಗಿ ಬೀಳುತ್ತದೆ. ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆದು ಅದೇ ಚೆಂಡನ್ನು ಮುಂದುವರಿಸಿ. ಯಾವುದೇ ವಸ್ತು ಬಿಟ್ಟ ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. ಭೂಮಿ ದುಂಡಗಿರುವುದರಿಂದ ಸುಮಾರು 8 ಕಿ.ಮೀ. ನೇರ ಹೋದರೆ ನೆಲವೂ 5 ಮೀಟರ್ ತಗ್ಗಿರುತ್ತದೆ. ಅಂದರೆ ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಅಡ್ಡ ಹೋದ ಚೆಂಡು ಬೀಳುತ್ತಲೇ ಇರುತ್ತದೆ, ನೆಲ ಅಷ್ಟೇ ಜಾರಿಕೊಳ್ಳುತ್ತಾ ಇರುತ್ತದೆ. ಕಕ್ಷೆ ಅಂದರೆ ಇದೇ. ಗಾಳಿ ತಡೆಯದಿರಲಿ ಅಂತ ನಿಲ್ದಾಣವನ್ನು ಅಷ್ಟು ಮೇಲಿಟ್ಟಿದ್ದಾರೆ. ಸುಮಾರು 90 ನಿಮಿಷಕ್ಕೆ ಒಂದು ಸುತ್ತು, ದಿನಕ್ಕೆ 16 ಸೂರ್ಯೋದಯ.

ಐದನೇ ತರಗತಿಯವರಿಗೆ ಇದು ಜಾಸ್ತಿ ಆಯಿತು ಅನ್ನಿಸಿದರೆ ಸಂಖ್ಯೆಗಳನ್ನು ಬಿಡಿ, ಚಿತ್ರ ಸಾಕು. ಆದರೆ ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿ "ಇದೇ ಕಕ್ಷೆ" ಅಂತ ಮಾತ್ರ ತೋರಿಸಬೇಡಿ. ಅದರಲ್ಲಿ ಬೀಳುವ ವಿಷಯವೇ ಕಾಣಿಸುವುದಿಲ್ಲ. ಕಲ್ಲು ಬಿಚ್ಚಿಕೊಂಡು ಹಾರಿದರೆ ಕಿಟಕಿ ಗಾಜೂ ಹೋಗುತ್ತದೆ.

4. ಅಲ್ಲಿನ ಭಾರ, ಅಲ್ಲಿನ ಬದುಕು

ಎರಡು ಲೀಟರಿನ ಒಂದೇ ಥರದ ನಾಲ್ಕು ಬಾಟಲಿಗಳಿಗೆ ಒಳಗೆ ಕಾಣದಂತೆ ಕಾಗದ ಸುತ್ತಿ. ಭೂಮಿಗೆ 600 ಮಿ.ಲೀ., ಚಂದ್ರನಿಗೆ 100, ಮಂಗಳಕ್ಕೆ 230, ಗುರುಗ್ರಹಕ್ಕೆ 1,500 ಮಿ.ಲೀ. ನೀರು ತುಂಬಿ. "ಇದು ಒಂದೇ ಬಾಟಲಿ, ನಾಲ್ಕು ಊರಲ್ಲಿ ಎತ್ತುತ್ತಿದ್ದೀರಿ" ಅಂತ ಹೇಳಿ ಕೈಗೆ ಕೊಡಿ. ಯಾವುದು ಯಾವ ಊರು ಅಂತ ಅವರೇ ಊಹಿಸಲಿ. ಇದು ಸುಳ್ಳು ಹೇಳುವ ಜಾಗ ಸುಲಭವಾಗಿ ಸಿಗುತ್ತದೆ. ನಿಜದಲ್ಲಿ ಬಾಟಲಿಯೊಳಗಿನ ನೀರು ಕಡಿಮೆಯಾಗುವುದಿಲ್ಲ, ಎಳೆತ ಮಾತ್ರ ಬದಲಾಗುತ್ತದೆ. ಗುರುಗ್ರಹದಲ್ಲಿ ನಿಂತು ಬಾಟಲಿ ಎತ್ತಲು ಗಟ್ಟಿ ನೆಲವೂ ಇಲ್ಲ.

ಬಾಹ್ಯಾಕಾಶ ನಡಿಗೆಗೆ ದಪ್ಪ ಕೈಗವಸು ಸಾಕು. ಒಂದರ ಮೇಲೊಂದು ಎರಡು ಜೊತೆ ಹಾಕಿಸಿ, ನಟ್ಟು ಬೋಲ್ಟು ಕೂಡಿಸಲು ಹೇಳಿ. ಬರಿಗೈಗೆ ಎಷ್ಟು ಸೆಕೆಂಡು, ಗವಸಿಗೆ ಎಷ್ಟು? ನಿಜವಾದ ಉಡುಪಿನ ಕಷ್ಟ ಬಟ್ಟೆಯ ದಪ್ಪಕ್ಕಿಂತ ಒಳಗಿನ ಗಾಳಿಯದು. ಹೊರಗೆ ಗಾಳಿ ಇಲ್ಲದ್ದರಿಂದ ಉಡುಪು ಊದಿದ ಬಲೂನಿನಂತೆ ಬಿಗಿಯುತ್ತದೆ. 1965ರ ಮಾರ್ಚ್ 18ರಂದು ಮೊದಲ ಬಾರಿಗೆ ನೌಕೆಯಿಂದ ಹೊರಬಂದ ಅಲೆಕ್ಸಿ ಲಿಯೊನೊವ್ ಅವರ ಉಡುಪು ಎಷ್ಟು ಉಬ್ಬಿತೆಂದರೆ ಒಳಗೆ ವಾಪಸ್ ಬರಲು ಉಡುಪಿನ ಗಾಳಿಯನ್ನು ಸ್ವಲ್ಪ ಹೊರಬಿಡಬೇಕಾಯಿತು. ಈ ಕಥೆ ಹೇಳುವಾಗ ಒಂದು ಉದ್ದ ಬಲೂನನ್ನು ಗಟ್ಟಿಯಾಗಿ ಊದಿ ಮಡಚಲು ಕೊಡಿ.

ಹಿರಿಯ ಮಕ್ಕಳಿಗೆ ಅಪೊಲೊ 13ರ ಪೆಟ್ಟಿಗೆ ಕೊಡಬಹುದು. 1970ರ ಏಪ್ರಿಲ್‌ನಲ್ಲಿ ಆ ನೌಕೆಯ ಆಕ್ಸಿಜನ್ ಟ್ಯಾಂಕ್ ಸ್ಫೋಟವಾದ ಮೇಲೆ ಮೂವರೂ ಚಂದ್ರನಿಗೆ ಇಳಿಯುವ ನೌಕೆಯೊಳಗೆ ಆಶ್ರಯ ಪಡೆದರು. ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರಲು ಮುಖ್ಯ ನೌಕೆಯಿಂದ ತಂದ ಡಬ್ಬಿಗಳು ಚೌಕ, ಅಲ್ಲಿದ್ದ ತೂತು ದುಂಡಗೆ. ಪ್ಲಾಸ್ಟಿಕ್ ಚೀಲ, ರಟ್ಟು, ಟೇಪು, ಉಡುಪಿನ ಕೊಳವೆ ಬಳಸಿ ಜೋಡಿಸಿ ಬದುಕಿಕೊಂಡರು. ನಿಮ್ಮ ಪೆಟ್ಟಿಗೆಯಲ್ಲೂ ಚೌಕದ ರಟ್ಟಿನ ಡಬ್ಬಿ, ದುಂಡು ಕೊಳವೆ, ಚೀಲ, ಟೇಪು, ಒಂದು ಕಾಲುಚೀಲ ಇಡಿ. 20 ನಿಮಿಷ. ಕೊಳವೆಯಿಂದ ಊದಿದರೆ ಡಬ್ಬಿಯ ಆಚೆ ತೂತಿನಲ್ಲಿ ಹಿಡಿದ ಕಾಗದದ ಪಟ್ಟಿ ಅಲ್ಲಾಡಬೇಕು, ಸಂದಿಯಲ್ಲಿ ಗಾಳಿ ಸೋರಬಾರದು.

5. ಮೊಟ್ಟೆ ಇಳಿಸುವುದು, ಎರಡು ಸಲ

ಒಡೆಯಬೇಕಾದ ಕಲ್ಪನೆ: ಎಲ್ಲಿ ಬೇಕಾದರೂ ಪ್ಯಾರಾಚೂಟ್ ಬಿಚ್ಚಿ ಇಳಿಯಬಹುದು.

ಮೊಟ್ಟೆ ಬೀಳಿಸುವ ಸ್ಪರ್ಧೆ ಹೊಸದೇನಲ್ಲ. ಆದರೆ ಹೆಚ್ಚಿನ ಕಡೆ ಒಂದೇ ಸಲ ಬೀಳಿಸಿ, ಒಡೆಯದವರಿಗೆ ಬಹುಮಾನ ಕೊಟ್ಟು ಮುಗಿಸುತ್ತಾರೆ. ನನಗೆ ಇದು ಅರ್ಧ ಪಾಠ ಅನ್ನಿಸುತ್ತದೆ. ಕಲಿಯುವುದೆಲ್ಲ ಎರಡನೇ ಸಲದಲ್ಲೇ.

ಪ್ರತಿ ಗುಂಪಿಗೆ: ಝಿಪ್ ಚೀಲದಲ್ಲಿಟ್ಟ ಒಂದು ಹಸಿ ಮೊಟ್ಟೆ, 10 ಸ್ಟ್ರಾ, ನಾಲ್ಕು ಹಾಳೆ ಕಾಗದ, ಎರಡು ಚಿಕ್ಕ ಬಲೂನು, ಒಂದು ಮೀಟರ್ ಟೇಪು, ಒಂದು ಕಾಗದದ ಲೋಟ. ಮೊಟ್ಟೆ ಬೇಡ ಅಂದರೆ ನೀರು ತುಂಬಿದ ಪುಟ್ಟ ಬಲೂನ್ ಆದೀತು. ಇನ್ನೊಂದು ಚೂರು ಟೇಪು ಕೇಳಿದರೂ ಕೊಡಬೇಡಿ. ಮೇಲೆ ಹೋದ ಮೇಲೆ ಯಾರೂ ತಂದುಕೊಡುವುದಿಲ್ಲ.

1. ಗುಂಪುಗಳು ಚೀಟಿ ಎತ್ತಲಿ: ಚಂದ್ರ ಅಥವಾ ಮಂಗಳ. ಚಂದ್ರನಲ್ಲಿ ಗಾಳಿ ಇಲ್ಲ, ಆದ್ದರಿಂದ ಪ್ಯಾರಾಚೂಟ್ ನಿಷೇಧ. ಮಂಗಳದ ಗಾಳಿ ನಮ್ಮದರ ನೂರರಲ್ಲೊಂದು ಪಾಲಿನಷ್ಟು ತೆಳು, ಆದ್ದರಿಂದ ಕರವಸ್ತ್ರದ ಗಾತ್ರದ ಒಂದೇ ಪ್ಯಾರಾಚೂಟ್.
2. 10 ನಿಮಿಷ ಚಿತ್ರ ಬರೆಯಲು ಮಾತ್ರ. ಸಾಮಾನು ಮುಟ್ಟುವಂತಿಲ್ಲ.
3. 20 ನಿಮಿಷ ಕಟ್ಟಲು.
4. 3 ಮೀಟರ್ ಎತ್ತರದಿಂದ ನೀವೇ ಬೀಳಿಸಿ. ಮಕ್ಕಳು ಕೊಟ್ಟರೆ ಕೆಲವರು ಎಸೆಯುತ್ತಾರೆ, ಕೆಲವರು ಮೆಲ್ಲಗೆ ತೂಗಿಬಿಡುತ್ತಾರೆ.
5. ಒಡೆದದ್ದನ್ನು ಬಿಚ್ಚಿ ನೋಡಿ. ಮೊದಲು ನೆಲ ಮುಟ್ಟಿದ್ದು ಯಾವ ಮೂಲೆ? ಯಾವ ಸ್ಟ್ರಾ ಮುರಿಯಿತು? "ಒಡೆದುಹೋಯ್ತು" ಅಂತ ಬರೆದರೆ ಸಾಲದು, "ಎಡಗಡೆ ಕಾಲು ಮಡಚಿ ಪಕ್ಕಕ್ಕೆ ಮಗುಚಿ ಬಿತ್ತು" ಅಂತ ಬರೆಯಬೇಕು.
6. ಮರುದಿನ ಅಷ್ಟೇ ಸಾಮಾನು, ಎರಡನೇ ಅವಕಾಶ.

ನಡುವಿನ ಆ ರಾತ್ರಿಗೆ ಒಂದು ಕಥೆ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್, ಅಂದರೆ ಚಂದ್ರನ ಮೇಲೆ ಇಳಿಯಬೇಕಿದ್ದ ನೌಕೆ, ಕೊನೆಯ ಗಳಿಗೆಯಲ್ಲಿ ಅಪ್ಪಳಿಸಿತು. ಇಸ್ರೊ ಆ ಸೋಲನ್ನು ಬಿಚ್ಚಿ ನೋಡಿತು. ಮುಂದಿನ ಲ್ಯಾಂಡರಿನ ಕಾಲು ಗಟ್ಟಿಮಾಡಿದರು, ಇಂಧನ ಹೆಚ್ಚಿಸಿದರು. ಮೊದಲು ಇಳಿಯಲು ಇಟ್ಟುಕೊಂಡಿದ್ದ ಜಾಗ 500 ಮೀಟರ್ ಉದ್ದ, ಅಷ್ಟೇ ಅಗಲ. ಅದನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ನಾಲ್ಕು ವರ್ಷದ ನಂತರ ಚಂದ್ರಯಾನ-3 ಇಳಿಯಿತು. ಮಂಗಳದ ಗುಂಪಿನವರಿಗೆ ಬೇರೆ ಕಥೆ: 1997ರ ಜುಲೈ 4ರಂದು ಪಾತ್‌ಫೈಂಡರ್ ನೌಕೆ ಗಾಳಿಚೀಲಗಳೊಳಗೆ ಕೂತು ಕನಿಷ್ಠ 15 ಸಲ ಪುಟಿದು ನಿಂತಿತು. ಬಲೂನುಗಳನ್ನು ಹೇಗೆ ಬಳಸಬೇಕು ಅಂತ ನೀವು ಹೇಳಬೇಕಾಗಿಲ್ಲ.

ಸುಳ್ಳು ಎಲ್ಲಿದೆ? ಚಂದ್ರನ ಲ್ಯಾಂಡರ್ ತನ್ನ ಎಂಜಿನ್ನುಗಳನ್ನು ಕೆಳಮುಖವಾಗಿ ಉರಿಸಿ ವೇಗ ಕಳೆದುಕೊಳ್ಳುತ್ತದೆ. ಮೊಟ್ಟೆಗೆ ಎಂಜಿನ್ ಇಲ್ಲ. ಇದನ್ನು ಮಕ್ಕಳೇ ಹೇಳಿದರೆ, ಬಲೂನ್ ರಾಕೆಟ್ ಪಾಠ ಕೆಲಸ ಮಾಡಿದೆ ಅಂತ ಅರ್ಥ.

6. ಕಣ್ಣು ಕಟ್ಟಿದ ರೋವರ್

ಒಡೆಯಬೇಕಾದ ಕಲ್ಪನೆ: ರೋವರನ್ನು (ಇಳಿದ ಮೇಲೆ ನೆಲದಲ್ಲಿ ಓಡಾಡುವ ಗಾಡಿಯನ್ನು) ರಿಮೋಟ್ ಕಾರಿನ ಥರ ಓಡಿಸುತ್ತಾರೆ.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ಚೌಕಗಳ ಜಾಲ ಹಾಕಿ, ಚೀಲ, ಬಕೆಟ್ಟುಗಳನ್ನು ಬಂಡೆಗಳ ಹಾಗೆ ಇಡಿ. ಒಬ್ಬರು ರೋವರ್, ಕಣ್ಣಿಗೆ ಬಟ್ಟೆ. ಒಬ್ಬರು ಚಾಲಕ, ಮೈದಾನಕ್ಕೆ ಬೆನ್ನು ಹಾಕಿ ನಕ್ಷೆ ಮಾತ್ರ ನೋಡುತ್ತಾರೆ. ಒಬ್ಬರು ರೇಡಿಯೊ, ಚೀಟಿ ಒಯ್ಯುವವರು. ನಾಲ್ಕನೆಯವರು ರೋವರ್ ಬೀಳದಂತೆ ಪಕ್ಕದಲ್ಲೇ ನಡೆಯಬೇಕು, ಮಾತಾಡುವಂತಿಲ್ಲ. ಆದೇಶಗಳು ನಾಲ್ಕೇ: ಇಷ್ಟು ಹೆಜ್ಜೆ ಮುಂದೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಕಲ್ಲು ಎತ್ತಿಕೋ.

ಮೊದಲ ಸುತ್ತಿನಲ್ಲಿ ಒಂದು ಚೀಟಿಗೆ ಒಂದೇ ಆದೇಶ. ರೇಡಿಯೊ ಹೋಗುವಾಗಲೂ ಬರುವಾಗಲೂ 20ರವರೆಗೆ ಎಣಿಸಿ ನಿಲ್ಲಬೇಕು. ಐದು ನಿಮಿಷದಲ್ಲೇ ಎಲ್ಲರ ತಾಳ್ಮೆ ತಪ್ಪುತ್ತದೆ. ತಪ್ಪಲಿ, ಬೇಕಾಗಿದ್ದೂ ಅದೇ. ಎರಡನೇ ಸುತ್ತಿನಲ್ಲಿ ಇಡೀ ದಾರಿಯ ಆದೇಶಗಳನ್ನು ಒಂದೇ ಚೀಟಿಯಲ್ಲಿ ಕಳಿಸಬಹುದು. ಬೇಗ ಮುಗಿಯುತ್ತದೆ, ಆದರೆ ಒಂದು ಹೆಜ್ಜೆ ಉದ್ದವಾದರೆ ರೋವರ್ ಬಕೆಟ್ಟಿಗೆ ಗುದ್ದುತ್ತದೆ. ಮೂರನೇ ಸುತ್ತಿಗೆ ರೋವರ್‌ಗೆ ಸ್ವಲ್ಪ ಬುದ್ಧಿ ಕೊಡಿ: "ಕಾಲಿಗೆ ಏನಾದರೂ ತಾಗಿದರೆ ನಿಂತುಬಿಡು, ವರದಿ ಕಳಿಸು." ಈ ನಿಯಮವನ್ನು ಸಾಮಾನ್ಯವಾಗಿ ಯಾವುದಾದರೂ ಗುಂಪು ತಾನೇ ಕೇಳುತ್ತದೆ. ಕೇಳುವವರೆಗೆ ಕಾಯಿರಿ.

ಆಮೇಲೆ ನಿಜದ ಸಂಖ್ಯೆ ಹೇಳಿ. ಚಂದ್ರನಿಗೆ ರೇಡಿಯೊ ಸಂಕೇತ ಹೋಗಲು 1.3 ಸೆಕೆಂಡು. ಮಂಗಳಕ್ಕೆ, ಅದು ಎಲ್ಲಿದೆ ಅನ್ನುವುದರ ಮೇಲೆ, 3ರಿಂದ 22 ನಿಮಿಷ, ಅದೂ ಒಂದು ಕಡೆಗೆ ಮಾತ್ರ. ಮುಂದೆ ಹಳ್ಳ ಇದೆ ಅಂತ ಚಿತ್ರ ಇಲ್ಲಿಗೆ ಬರುವಷ್ಟರಲ್ಲಿ ರೋವರ್ ಹಳ್ಳದೊಳಗಿರಬಹುದು. 2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರ್ ಎದುರಿಗೆ 3 ಮೀಟರ್ ದೂರದಲ್ಲಿ 4 ಮೀಟರ್ ಅಗಲದ ಕುಳಿ ಕಂಡಿತು. ವಾಪಸ್ ಹೋಗಲು ಆದೇಶ ಕಳಿಸಿದರು, ಅದು ಬೇರೆ ದಾರಿ ಹಿಡಿಯಿತು. ಇದೇ ಕುಳಿ ಮಂಗಳದಲ್ಲಿದ್ದಿದ್ದರೆ? ಈ ಪ್ರಶ್ನೆಗೆ ಅರ್ಧ ಪುಟ ಬರೆಸಿ.

ನಡುವೆ ಬರುವ ಪ್ರಶ್ನೆಗಳು

ಶೌಚಾಲಯದ ಪ್ರಶ್ನೆ ಬಂದೇ ಬರುತ್ತದೆ. ನಗಿಸಿ ತಳ್ಳಿಹಾಕಬೇಡಿ, ಒಳ್ಳೆಯ ಎಂಜಿನಿಯರಿಂಗ್ ಪ್ರಶ್ನೆ ಅದು. ಅಲ್ಲಿ ನೀರು ಸುರಿದರೆ ಕೆಳಗೆ ಹೋಗುವುದಿಲ್ಲ, ಆದ್ದರಿಂದ ಗಾಳಿಯಿಂದ ಹೀರುವ ವ್ಯವಸ್ಥೆ ಇದೆ. ಮೂತ್ರವನ್ನು ಶುದ್ಧ ಮಾಡಿ ಮತ್ತೆ ಕುಡಿಯುವ ನೀರಾಗಿಸುತ್ತಾರೆ. ಮಲವನ್ನು ಡಬ್ಬಿಗಳಲ್ಲಿ ಕಟ್ಟಿ ಸರಕು ನೌಕೆಗೆ ತುಂಬುತ್ತಾರೆ. ಆ ನೌಕೆ ವಾಪಸ್ ಬರುವಾಗ ವಾತಾವರಣದಲ್ಲಿ ಉರಿದುಹೋಗುತ್ತದೆ. ಇದನ್ನು ಕೇಳಿದ ಮೇಲೆ ಮಕ್ಕಳು ಆಕಾಶದಲ್ಲಿ ಬೀಳುವ ಬೆಳಕನ್ನೆಲ್ಲ ಅನುಮಾನದಿಂದ ನೋಡುತ್ತಾರೆ.

ನಿಮಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ ಬೋರ್ಡಿನ ಮೂಲೆಗೆ ಹಾಕಿ, ಹುಡುಕಿಕೊಂಡು ಬರಲು ಒಂದು ಗುಂಪಿಗೆ ಕೊಡಿ.

ಕಲಿತರಾ ಅಂತ ನೋಡುವುದು

ಬಿಟ್ಟ ಸ್ಥಳ ತುಂಬಿಸುವ ಪರೀಕ್ಷೆ ಬೇಡ. ಮೊದಲ ದಿನ ಕೇಳಿದ ಪ್ರಶ್ನೆಯನ್ನೇ ಕೊನೆಯ ದಿನ ಮತ್ತೆ ಕೇಳಿ, ಹೊಸ ಹಾಳೆಯಲ್ಲಿ ಬರೆಸಿ: ಗಗನಯಾತ್ರಿಗಳು ಯಾಕೆ ತೇಲುತ್ತಾರೆ? ಮೊದಲ ದಿನವೂ ಉತ್ತರವನ್ನು ಹಾಳೆಯಲ್ಲಿ ಬರೆಸಿ ಜೋಪಾನವಾಗಿ ಇಟ್ಟುಕೊಂಡಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ವಾಪಸ್ ಕೊಡಿ. ನನ್ನ ತರಗತಿಯಲ್ಲಿ ಒಬ್ಬಳು ಬರೆದಿದ್ದಳು: "ಬೀಳ್ತಾನೇ ಇದ್ದಾರೆ, ನೆಲ ಸಿಗ್ತಿಲ್ಲ."

ಕೆಲವರು ಆಗಲೂ "ಅಲ್ಲಿ ಗುರುತ್ವಾಕರ್ಷಣೆ ಇಲ್ಲ" ಅಂತಲೇ ಬರೆಯುತ್ತಾರೆ. ಅಂಕ ಕಳೆಯಬೇಡಿ. ಅವರ ಕೈಗೇ ತೂತು ಬಾಟಲಿ ಕೊಟ್ಟು ಬೆಂಚಿನ ಮೇಲೆ ಹತ್ತಿಸಿ. ಈ ಸಲ ನೀವು ಬಕೆಟ್ ಹಿಡಿದು ಕೆಳಗೆ ನಿಲ್ಲಿ.